ಬಟ್ಟೆ ಮಡಚುವವಳ ಎಡಗೈ

"ಐವತ್ತು ನಿಮಿಷ! ಬರೀ ಐವತ್ತು ನಿಮಿಷ ಗೋಡೆ ವಿಚಾರ ಎತ್ತದೆ ಇರೋಕೆ ನನಗೆ ಆಗಲ್ವಾ? ನಾನೇನು ಮನುಷ್ಯ ಅಲ್ವಾ?" ಎಂದು ಪೇಂಟಿಂಗ್ ಮೇಸ್ತ್ರಿ ಎದೆ ತಟ್ಟಿಕೊಂಡು ಘೋಷಿಸಿದ.

ಪೇಂಟಿಂಗ್ ಮೇಸ್ತ್ರಿ ಅಂದರೆ ಚಿತ್ರ ಬರೆಯುವವನಲ್ಲ, ಗೋಡೆಗೆ ಬಣ್ಣ ಹೊಡೆಯುವವನು. ಮೂವತ್ತೊಂದು ವರ್ಷದಲ್ಲಿ ಊರಿನ ಅರ್ಧ ಗೋಡೆಗಳು ಅವನ ಕೈಯಲ್ಲಿ ಬಣ್ಣ ಕಂಡಿವೆ. ಉಳಿದರ್ಧ ಅವನ ಕಣ್ಣಿಗೆ ಬಿದ್ದು ಮಾನ ಕಳೆದುಕೊಂಡಿವೆ.

ಅವನ ಹೆಂಡತಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ನೀವು ಮನುಷ್ಯರೇ ಕಣ್ರೀ, ಯಾರು ಇಲ್ಲ ಅಂದ್ರು? ಆದ್ರೆ ಮನುಷ್ಯರಿಗೆ ಆಗೋ ಎಷ್ಟೋ ಕೆಲಸ ನಿಮಗೆ ಆಗಲ್ಲ."

ಟೀಚರಮ್ಮ ಸುಮ್ಮನೆ ಹೇಳುವವಳಲ್ಲ. ದಾಖಲೆ ಇಟ್ಟುಕೊಂಡೇ ಮಾತಾಡುವುದು. ಅವಳ ಜೊತೆ ಕೆಲಸ ಮಾಡುವ ಲೆಕ್ಕದ ಮೇಡಂ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದರು. ಎಲ್ಲರೂ "ಆಹಾ, ಓಹೋ" ಅನ್ನುತ್ತಿರುವಾಗ ಈ ಮಹಾಶಯ ಹಾಲ್‌ನ ಗೋಡೆಯನ್ನು ಉಗುರಿನಿಂದ ಕೆರೆದು, ಪುಡಿಯನ್ನು ಅಂಗೈಗೆ ಹಾಕಿಕೊಂಡು ಊದಿ, "ಪ್ರೈಮರ್ ಹಾಕೇ ಇಲ್ಲ, ನಾಮ ಹಾಕಿದ್ದಾರೆ" ಎಂದು ತೀರ್ಪು ಕೊಟ್ಟ. ಲೆಕ್ಕದ ಮೇಡಂ ಕಣ್ಣೀರಿಟ್ಟುಕೊಂಡು ಅಡುಗೆಮನೆ ಸೇರಿದರು. ಸೋದರಮಾವ ತೀರಿಕೊಂಡಾಗ ಇವನೂ ಎಲ್ಲರಂತೆ ಅತ್ತ, ನಿಜವಾಗಿಯೂ ಅತ್ತ! ಅತ್ತೆಯ ಕೈ ಹಿಡಿದುಕೊಂಡು, "ಧೈರ್ಯ ತಗೊಳ್ಳಿ ಅತ್ತೆ. ಆದ್ರೆ ಈ ಮೂಲೆ ಮಾತ್ರ ಮಳೆಗಾಲದ ಒಳಗೆ ಕೆರೆಸಿಬಿಡಿ" ಅಂದ. ಅಷ್ಟೇ ಯಾಕೆ, ಅಪೆಂಡಿಕ್ಸ್ ಆಪರೇಷನ್‌ಗೆ ಟೇಬಲ್ ಮೇಲೆ ಮಲಗಿಸಿದ್ದಾಗಲೂ ಮೇಲೆ ನೋಡುತ್ತಾ, "ಡಾಕ್ಟ್ರೇ, ನಿಮ್ಮ ತಲೆ ಮೇಲೆ ಪದರ ಏಳ್ತಾ ಇದೆ" ಎಂದು ಎಚ್ಚರಿಸಿದ್ದ. ಅವತ್ತು ಅರಿವಳಿಕೆ ಕೊಡುವ ಡಾಕ್ಟರು ಕೈ ಸ್ವಲ್ಪ ಧಾರಾಳ ಮಾಡಿದರು ಅಂತ ನರ್ಸುಗಳು ಇವತ್ತಿಗೂ ಮಾತಾಡಿಕೊಳ್ಳುತ್ತಾರೆ.

ಆದರೆ ಈ ಸಲದ ಮಾತೇ ಬೇರೆ. ಈ ಸಲ ಹೋಗುತ್ತಿದ್ದದ್ದು ಟೀಚರಮ್ಮನ ಇಪ್ಪತ್ತಾರು ವರ್ಷದ ಆಸೆ ತೀರಿಸುವುದಕ್ಕೆ.

ಅವಳ ಡ್ರಾಯಿಂಗ್ ಕ್ಲಾಸಿನಲ್ಲಿ ಒಂದು ಹಳೇ ಪೋಸ್ಟರ್ ಇದೆ. ರೈಲಿನಲ್ಲಿ ನಾಲ್ಕು ಗಂಟೆ ದೂರದ ಜಗತ್ಪ್ರಸಿದ್ಧ ಚಿತ್ರಶಾಲೆಯಲ್ಲಿರುವ ಒಂದು ಚಿತ್ರದ ಪ್ರತಿ. ಕಿಟಕಿ ಪಕ್ಕ ನಿಂತು ಒಬ್ಬ ಹೆಂಗಸು ಬಟ್ಟೆ ಮಡಚುತ್ತಿದ್ದಾಳೆ. ಬಲಗೈಯಲ್ಲಿ ಬಟ್ಟೆ. ಎಡಗೈ ನೆರಳಿನಲ್ಲಿ, ಅರ್ಧ ಮುಚ್ಚಿದ ಮುಷ್ಟಿ. ಆ ಮುಷ್ಟಿಯಲ್ಲಿ ಏನೋ ಇದೆ! ಏನು? ಪೋಸ್ಟರಿನಲ್ಲಿ ಅದೊಂದು ಕಪ್ಪು ಮಸಿ. ಪುಸ್ತಕಗಳಲ್ಲೂ ಮಸಿಯೇ. ಮೊಬೈಲಿನಲ್ಲಿ ಹಿಗ್ಗಿಸಿದರೆ ಇನ್ನೂ ದೊಡ್ಡ ಮಸಿ. ಇಪ್ಪತ್ತಾರು ವರ್ಷದಿಂದ ಪ್ರತಿ ವರ್ಷವೂ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮಿಸ್, ಅವಳ ಕೈಯಲ್ಲಿ ಏನಿದೆ?" ಇವಳ ಉತ್ತರವೂ ಒಂದೇ: "ಹೋಗಿ ನೋಡಿಕೊಂಡು ಬಂದು ಹೇಳ್ತೀನಿ." ಮಕ್ಕಳು ಗುಂಡಿ ಅಂದರು, ಉಂಗುರ ಅಂದರು, ಬಿದ್ದ ಹಲ್ಲು ಅಂದರು. ಮೊದಲು ಕೇಳಿದ ಮಕ್ಕಳ ಮಕ್ಕಳೇ ಈಗ ಬೆಂಚಿನಲ್ಲಿ ಕೂತು ಕೇಳುತ್ತಿದ್ದರು. ಇನ್ನು ಮೂರು ತಿಂಗಳಿಗೆ ಟೀಚರಮ್ಮ ನಿವೃತ್ತಿ.

ಅದಕ್ಕೇ ಮೇಸ್ತ್ರಿ ತಾನೇ ಮುಂದೆ ಬಿದ್ದು ಚಿತ್ರಶಾಲೆಯಲ್ಲಿ ಖಾಸಗಿ ವೀಕ್ಷಣೆ ಕಾದಿರಿಸಿದ್ದ. ಬೆಳಿಗ್ಗೆ, ಜನರಿಗೆ ಬಾಗಿಲು ತೆರೆಯುವ ಮುಂಚೆ, ಗಂಡ ಹೆಂಡತಿ ಇಬ್ಬರಿಗೇ ಒಬ್ಬ ಗೈಡು. ಐವತ್ತು ನಿಮಿಷ, ಎಂಟು ಚಿತ್ರ.

"ಪ್ರಮಾಣ ಮಾಡಿ," ಅಂದಳು ಟೀಚರಮ್ಮ.

"ಮಾಡಿದೆ! ಕೈ ಎರಡೂ ಜೇಬಲ್ಲಿ, ನಾಲಿಗೆ ಬಾಯಲ್ಲಿ. ಗೋಡೆ ಕುಸಿದು ನನ್ನ ಮೇಲೇ ಬಿದ್ರೂ ಉಸಿರೆತ್ತಲ್ಲ!"

ಮರುದಿನ ಬೆಳಿಗ್ಗೆ ಚಿತ್ರಶಾಲೆಯ ಪಕ್ಕದ ಬಾಗಿಲಿನಲ್ಲಿ ಗೈಡಮ್ಮ ಕಾಯುತ್ತಿದ್ದರು. ಕಡ್ಡಿಯಂಥ ಹೆಂಗಸು, ಕನ್ನಡಕಕ್ಕೆ ಸರಪಳಿ, ಪಿಸುಮಾತು. ಚಿತ್ರಗಳ ನಿದ್ದೆ ಕೆಡಬಾರದು ಅನ್ನುವ ಹಾಗೆ ಮಾತಾಡುತ್ತಿದ್ದರು. ಚಿತ್ರದಿಂದ ಮೂರು ಅಡಿ ದೂರ, ಏನನ್ನೂ ಮುಟ್ಟಬಾರದು, ಫೋಟೋ ತೆಗೆಯಬಾರದು ಎಂದು ನಿಯಮ ಒಪ್ಪಿಸಿದರು.

ಟೀಚರಮ್ಮನಿಗೆ ಅದೆಲ್ಲ ಕೇಳಿಸಲೇ ಇಲ್ಲ. "ಮೇಡಂ, ಮೊದಲು ಬಟ್ಟೆ ಮಡಚುವವಳ ಹತ್ತಿರ ಹೋಗೋಣ್ವಾ?"

"ಅದು ಎಂಟನೆಯದು," ಗೈಡಮ್ಮ ಕಣ್ಣು ಮುಚ್ಚಿ ನಕ್ಕರು. "ಕೊನೆಯ ಕೋಣೆ, ಕೊನೆಯ ಹತ್ತು ನಿಮಿಷ. ಮೊದಲು ಕಣ್ಣು ಪಳಗಬೇಕು. ಹಸಿದ ಕಣ್ಣಿಗೆ ಒಮ್ಮೆಲೇ ಬಡಿಸಬಾರದು."

"ಅವಳ ಎಡಗೈಯಲ್ಲಿ ಇರೋದು..."

"ಹೇಳಲ್ಲ! ಹತ್ತೊಂಬತ್ತು ವರ್ಷದಿಂದ ನೋಡ್ತಾ ಇದ್ದೀನಿ. ಒಂದು ದಿನ ಒಂದು ಕಾಣಿಸುತ್ತೆ, ಇನ್ನೊಂದು ದಿನ ಇನ್ನೊಂದು. ಮೂರು ಜನ ಪ್ರೊಫೆಸರುಗಳು ಮೂರು ಪುಸ್ತಕ ಬರೆದು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ಚಿತ್ರದ ಎಡಗಡೆ ನಿಂತು ನಿಮ್ಮ ಕಣ್ಣಲ್ಲೇ ನೋಡಿ. ನಿಮಗೆ ಕಂಡಿದ್ದೇ ನಿಮ್ಮ ಉತ್ತರ."

ಟೀಚರಮ್ಮ ಚಿಕ್ಕ ಹುಡುಗಿಯ ಹಾಗೆ ತಲೆಯಾಡಿಸಿದಳು. ಮೇಸ್ತ್ರಿಗೆ ಹೆಂಡತಿಯ ಮುಖ ನೋಡಿ ಹೊಟ್ಟೆ ತಂಪಾಯಿತು. ಜೇಬಿನೊಳಗೆ ಕೈ ಇನ್ನೂ ಆಳಕ್ಕೆ ತುರುಕಿಕೊಂಡ.

ಮೊದಲ ಚಿತ್ರ, ಯಾವುದೋ ಯುದ್ಧ. ಗೈಡಮ್ಮ ಕುದುರೆಯ ಕಣ್ಣಿನ ಬಗ್ಗೆ ವಿವರಿಸುತ್ತಿದ್ದರು. ಮೇಸ್ತ್ರಿಯ ಕಣ್ಣು ಕುದುರೆಯ ಕಿವಿಯಿಂದ ಮೇಲಕ್ಕೆ ಜಾರಿ ಗೋಡೆಗೆ ಹೋಯಿತು. ಸ್ವಿಚ್ಚಿನ ಸುತ್ತ ತೇಪೆ! ಬೇರೆ ಡಬ್ಬಿಯ ಬಣ್ಣ! ಮಾತು ಗಂಟಲಿಗೆ ಬಂತು. ನುಂಗಿದ. ಎರಡನೇ ಕೋಣೆಯ ಗೋಡೆಯಲ್ಲಿ ಬ್ರಷ್ಷಿನ ಕೂದಲೊಂದು ಬಣ್ಣದೊಳಗೇ ಸಮಾಧಿಯಾಗಿತ್ತು. ಅದನ್ನೂ ನುಂಗಿದ. ಮೂರನೆಯದರಲ್ಲಿ ರೋಲರ್ ಹೊಡೆದವನು ಅರ್ಧಕ್ಕೇ ಬಿಟ್ಟು ಟೀ ಕುಡಿಯಲು ಹೋದದ್ದು, ಬಂದ ಮೇಲೆ ಉಳಿದರ್ಧ ಹೊಡೆದದ್ದು ಎರಡೂ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಮೇಸ್ತ್ರಿ "ಹ್ಞಂ" ಅಂತ ಒಂದು ಸಲ ನರಳಿದ, ಅಷ್ಟೇ.

"ಹೌದು, ಈ ನೀಲಿ ಎಲ್ಲರನ್ನೂ ಹಾಗೇ ಕಲಕಿಬಿಡುತ್ತೆ," ಎಂದು ಗೈಡಮ್ಮ ಮೆಚ್ಚಿದರು. "ನಿಮ್ಮ ಯಜಮಾನರಿಗೆ ಬಹಳ ಸೂಕ್ಷ್ಮವಾದ ಕಣ್ಣು."

ಟೀಚರಮ್ಮ ಗಂಡನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಪ್ರೀತಿ ಇತ್ತು ಸ್ವಾಮಿ, ಅಪ್ಪಟ ಪ್ರೀತಿ! "ಪಾಪ, ನನಗೋಸ್ಕರ ಎಷ್ಟು ಕಷ್ಟಪಡ್ತಾ ಇದ್ದೀರಿ," ಎಂದು ಪಿಸುಗುಟ್ಟಿದಳು. ಮದುವೆಯಾದ ಮೇಲೆ ಅವನಿಗೆ ಇಂಥ ಮಾತು ಸಿಕ್ಕಿದ್ದು ಇದು ಎರಡನೇ ಸಲವೋ ಮೂರನೆಯದೋ. ಮೇಸ್ತ್ರಿ ಒಂದಿಂಚು ಎತ್ತರವಾದ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಆರನೇ ಚಿತ್ರದ ಮುಂದೆ ನಿಂತಿದ್ದಾಗ ಅವನ ಮೂಗಿಗೆ ಒಂದು ವಾಸನೆ ಬಡಿಯಿತು. ಕಣ್ಣಿಗೆ ಪಟ್ಟಿ ಕಟ್ಟಿದರೂ ಗುರುತು ಹಿಡಿಯುವ ವಾಸನೆ. ನೀರು ಕುಡಿದ ಸುಣ್ಣದ ವಾಸನೆ! ಎಲ್ಲೋ ಹತ್ತಿರದಲ್ಲೇ ಒಂದು ಗೋಡೆ ಒಳಗಿಂದೊಳಗೇ ನೆನೆಯುತ್ತಿತ್ತು. ಬಾಯಿಗೆ ಬೀಗ ಹಾಕಬಹುದು, ಕೈಯನ್ನು ಜೇಬಿಗೆ ಹಾಕಬಹುದು. ಮೂಗನ್ನು ಎಲ್ಲಿಗೆ ಹಾಕುವುದು?

"ಬಾತ್‌ರೂಮಿಗೆ ಹೋಗಿ ಬರ್ತೀನಿ," ಅಂದ.

"ಬೇಗ ಬನ್ನಿ. ಎಂಟನೆಯದಕ್ಕೆ ಜೊತೆಗೆ ಹೋಗೋಣ," ಅಂದಳು ಹೆಂಡತಿ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುಮ್ಮನೆ ಯಾವ ಗೋಡೆ ಅಂತ ನೋಡಿಕೊಂಡು ಬಂದರಾಯಿತು, ಯಾರಿಗೂ ಹೇಳುವುದು ಬೇಡ, ತನ್ನ ಸಮಾಧಾನಕ್ಕೆ. ಮೂಗು ಮುಂದೆ, ಮೇಸ್ತ್ರಿ ಹಿಂದೆ. ಒಂದು ಕೋಣೆ ದಾಟಿ, ಬಲಕ್ಕೆ ತಿರುಗಿ, ಕೊನೆಗೆ ಒಂದು ಪುಟ್ಟ ಕೋಣೆಗೆ ಬಂದ. ಎದುರಿನ ಗೋಡೆಯಲ್ಲಿ ಏನೋ ಒಂದು ಚಿತ್ರ ತೂಗುಹಾಕಿದ್ದರು. ಮೂಲೆಯ ಕುರ್ಚಿಯಲ್ಲಿ ಕಾವಲುಗಾರ ಆಕಳಿಸುತ್ತಿದ್ದ.

ಗೋಡೆಯ ಆರೋಗ್ಯ ನೋಡಲು ಮೇಸ್ತ್ರಿಗಳದ್ದೊಂದು ಕ್ರಮ ಇದೆ. ಎದುರು ನಿಂತರೆ ಯಾವ ಗೋಡೆಯೂ ನಿಜ ಹೇಳುವುದಿಲ್ಲ. ಪಕ್ಕಕ್ಕೆ ಹೋಗಿ, ಕೆನ್ನೆಯನ್ನು ಗೋಡೆಗೆ ಆನಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ಆಗ ಬೆಳಕು ಅಡ್ಡ ಬಿದ್ದು ಒಂದೊಂದು ಉಬ್ಬೂ ತಗ್ಗೂ ಎದ್ದು ಕಾಣುತ್ತದೆ. ಮೇಸ್ತ್ರಿ ಚಿತ್ರದ ಎಡಗಡೆಗೆ ಹೋಗಿ ಕೆನ್ನೆ ಆನಿಸಿದ. ಚಿತ್ರದ ಚೌಕಟ್ಟಿನ ಹಿಂದೆ ಗೋಡೆ ಸಾಸರ್ ಅಗಲಕ್ಕೆ ಉಬ್ಬಿಕೊಂಡಿತ್ತು! ಪ್ರಮಾಣ, ಜೇಬು, ಹೆಂಡತಿ ಎಲ್ಲವೂ ಒಟ್ಟಿಗೇ ಮರೆತುಹೋಯಿತು. ಬೆರಳು ಮಡಚಿ ಎರಡು ಸಲ ತಟ್ಟಿದ. ಡಬ್, ಡಬ್.

ಮೂರನೆಯ ಡಬ್ ಅವನದಲ್ಲ. ಅದು ಕೋಣೆಯ ಬಾಗಿಲಿಗೆ ಕಬ್ಬಿಣದ ತಡೆ ಇಳಿದ ಸದ್ದು! ಹಿಂದೆಯೇ ಸೈರನ್ನು "ಕುಯ್ಯೋ" ಎಂದು ಇಡೀ ಕಟ್ಟಡವನ್ನು ತಲೆಯ ಮೇಲೆ ಹೊತ್ತುಕೊಂಡಿತು.

"ಗೋಡೆ ಮುಟ್ಟಿದ್ರಿ!" ಕಾವಲುಗಾರ ಕುರ್ಚಿ ಸಮೇತ ಎದ್ದಿದ್ದ.

"ಮುಟ್ಟಿಲ್ಲಪ್ಪಾ, ತಟ್ಟಿದೆ."

"ಮುಟ್ಟದೆ ತಟ್ಟೋದು ಹೆಂಗೆ?"

"ಡಾಕ್ಟರು ಎದೆ ಮೇಲೆ ಬೆರಳಿಟ್ಟು ತಟ್ಟಿದ್ರೆ ಅದನ್ನ ಮುಟ್ಟೋದು ಅಂತೀಯಾ, ಪರೀಕ್ಷೆ ಅಂತೀಯಾ?"

ಅಷ್ಟರಲ್ಲಿ ಹಿಂಬಾಗಿಲು ತೆರೆದು ಆರೇಳು ಜನ ನುಗ್ಗಿದರು. ಮುಂದೆ ಚಿತ್ರಶಾಲೆಯ ದೊಡ್ಡ ಸಾಹೇಬರು, ಪಕ್ಕದಲ್ಲಿ ಬಿಳಿ ಗವಸು ಹಾಕಿದ ಒಬ್ಬಾಕೆ. ಆಕೆ ಚಿತ್ರಗಳ ಡಾಕ್ಟರು. ಹಳೇ ಚಿತ್ರಗಳಿಗೆ ಕಾಯಿಲೆ ಬಂದರೆ ನೋಡಿಕೊಳ್ಳುವವರು.

"ಜೇಬು ಖಾಲಿ ಮಾಡು!" ಸಾಹೇಬರು ಗುಡುಗಿದರು.

ಮೇಸ್ತ್ರಿ ಮಾಡಿದ. ಮೋಟು ಪೆನ್ಸಿಲು. ಅಳತೆ ಟೇಪು. ಆಮೇಲೆ ನಾಲ್ಕಾಗಿ ಮಡಚಿದ ಒಂದು ಚೂರು ಉಪ್ಪುಕಾಗದ! ಬಣ್ಣ ಉಜ್ಜಿ ತೆಗೆಯುವ ಉಪ್ಪುಕಾಗದ, ಅದೂ ಇಂಥ ಜಾಗದಲ್ಲಿ! ಚಿತ್ರಗಳ ಡಾಕ್ಟರು ಅದನ್ನು ನೋಡಿ ಗೋಡೆ ಹಿಡಿದುಕೊಂಡರು.

"ಇದನ್ನ ಯಾಕೆ ತಂದೆ?"

"ತಂದಿದ್ದಲ್ಲ ಸಾಹೇಬ್ರೇ, ಇರುತ್ತೆ. ನಿಮ್ಮ ಜೇಬಲ್ಲಿ ಕರ್ಚೀಫ್ ಇರಲ್ವಾ, ಹಾಗೆ."

"ಪೊಲೀಸರನ್ನ ಕರೀರಿ!"

"ಕರೀರಿ, ಬೇಡ ಅನ್ನಲ್ಲ!" ಮೇಸ್ತ್ರಿಗೂ ಈಗ ರೇಗಿತು. ತನ್ನ ಕಸುಬಿನ ಮೇಲೆ ಬಂದರೆ ಅವನು ಯಾವ ಸಾಹೇಬರಿಗೂ ಹೆದರುವವನಲ್ಲ. "ಪೊಲೀಸರು ಬರೋ ಅಷ್ಟರಲ್ಲಿ ಮೊದಲು ಅದನ್ನ ಕೆಳಗಿಳಿಸಿ. ಹಿಂದೆ ಪೈಪ್ ಸೋರ್ತಾ ಇದೆ. ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಇವತ್ತೋ ನಾಳೆನೋ ಪ್ಲಾಸ್ಟರ್ ಕಳಚಿದ್ರೆ ಮೊಳೆ ಸಮೇತ ಎಲ್ಲಾ ಕೆಳಗೆ!"

ಡಾಕ್ಟರಮ್ಮ ಓಡಿಹೋಗಿ ತೇವ ಅಳೆಯುವ ಯಂತ್ರ ತಂದು ಗೋಡೆಗೆ ಹಿಡಿದರು. ಮುಳ್ಳು ಒಂದೇ ಏಟಿಗೆ ಆ ತುದಿಗೆ ಹಾರಿತು. ಆಕೆಯ ಮುಖ ಗವಸಿಗಿಂತ ಬೆಳ್ಳಗಾಯಿತು. "ಇಳಿಸಿ, ಇಳಿಸಿ!" ಎಂದು ಕೂಗಿದರು. ನಾಲ್ಕು ಜನ ಚಿತ್ರಕ್ಕೆ ಕೈ ಹಾಕಿದರು. ಅಲ್ಲಿಂದ ಮುಂದೆ ಯಜಮಾನಿಕೆ ಯಾರದು ಅಂದುಕೊಂಡಿರಿ? ನಮ್ಮ ಮೇಸ್ತ್ರಿಯದೇ! "ಎಡಗಡೆ ಮೊದಲು ಎತ್ತಿ. ನಿಧಾನ, ನಿಧಾನ! ಮುಂದಿನದು ಹಾಗಿರಲಿ, ಹಿಂದಿನದು ತೋರಿಸಿ. ನೋಡಿ, ಬೆನ್ನಿಗೆ ಆಗಲೇ ತೇವ ತಗುಲಿದೆ. ಮುಖ ಆ ಕಡೆಗೇ ಇರಲಿ, ಹಾಗೇ ಸುತ್ತಿ!"

ಎರಡು ಪದರ ಕಾಗದ, ಒಂದು ಪದರ ಬಟ್ಟೆ, ಮೇಲೊಂದು ಪ್ಲಾಸ್ಟಿಕ್ ಸುತ್ತಿ ಚಿತ್ರವನ್ನು ತಳ್ಳುಗಾಡಿಯ ಮೇಲೆ ಕಟ್ಟಿದರು. ಅಷ್ಟೂ ಹೊತ್ತು ಮೇಸ್ತ್ರಿ ಗೋಡೆಯನ್ನು ಬೆರಳಿನಿಂದ ಸವರಿ, ಮೂಸಿ, "ಒಳಗೆ ಎರಡು ಹಳೇ ಕೋಟಿಂಗ್ ಇದೆ, ಕೆರೆಯದೆ ಮೇಲೆ ಹೊಡೆದಿದ್ದಾರೆ ಪಾಪಿಗಳು" ಎಂದು ಮರಣೋತ್ತರ ವರದಿ ಕೊಡುತ್ತಿದ್ದ. ದೊಡ್ಡ ಸಾಹೇಬರು ಕಣ್ಣೊರೆಸಿಕೊಂಡು ಅವನನ್ನು ತಬ್ಬಿಕೊಂಡರು.

"ನೀವು ದೇವರ ಹಾಗೆ ಬಂದ್ರಿ! ಇನ್ನೊಂದು ವಾರ ತಡವಾಗಿದ್ರೆ ಇಡೀ ಜಗತ್ತು ಅಳಬೇಕಾಗಿತ್ತು. ಎಂಥಾ ಕಣ್ಣು ನಿಮ್ಮದು!"

ಮೇಸ್ತ್ರಿ ಮೀಸೆ ಇಲ್ಲದಿದ್ದರೂ ಮೀಸೆಯ ಜಾಗವನ್ನು ತಿರುವಿಕೊಂಡ. ಮಾಡಿದ್ದ ಪ್ರಮಾಣ ಮುರಿದಿತ್ತು, ನಿಜ. ಆದರೆ ಈಗ ಹೆಂಡತಿ ಬಂದು ನೋಡಲಿ! ಮೂವತ್ತು ವರ್ಷ "ಗೋಡೆ ಹುಚ್ಚ" ಅಂದಿದ್ದಕ್ಕೆ ಕ್ಷಮೆ ಕೇಳಲಿ!

ಕಬ್ಬಿಣದ ತಡೆ ಮೇಲೆದ್ದಿತು. ಅದು ಪೂರ್ತಿ ಏಳುವ ಮೊದಲೇ ಬಗ್ಗಿ ನುಸುಳಿಕೊಂಡು ಟೀಚರಮ್ಮ ಒಳಗೆ ಓಡಿ ಬಂದಳು. ಕೂದಲು ಕೆದರಿತ್ತು. ಹಿಂದೆ ಗೈಡಮ್ಮ ಏದುಸಿರು ಬಿಡುತ್ತಿದ್ದರು. ಟೀಚರಮ್ಮ ಗಂಡನನ್ನು ನೋಡಲೇ ಇಲ್ಲ. ನೆಟ್ಟಗೆ ಗೋಡೆ ನೋಡಿದಳು. ಗೋಡೆಯ ಮೇಲೆ ಎರಡು ಕೊಕ್ಕೆ, ಒಂದು ಉಬ್ಬು, ಚಿತ್ರ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ. ಹಿಂಬಾಗಿಲಿನಲ್ಲಿ ತಳ್ಳುಗಾಡಿಯ ಚಕ್ರ ಕಿರ್ ಅಂದು ಮರೆಯಾಯಿತು.

"ನನ್ನ ಬಟ್ಟೆ ಮಡಚುವವಳು ಎಲ್ಲಿ?" ಅಂದಳು.

ಆಗ, ಆಗಲೇ, ನಮ್ಮ ಮೇಸ್ತ್ರಿಗೆ ತಾನು ಇಳಿಸಿದ್ದು ಯಾವ ಚಿತ್ರ ಎಂದು ಗೊತ್ತಾದದ್ದು!

"ಇವರು ನಿಮ್ಮ ಯಜಮಾನರಾ ತಾಯಿ? ಪುಣ್ಯ ಮಾಡಿದ್ರಿ ನೀವು!" ಸಾಹೇಬರು ಕೈ ಮುಗಿದು ನಡೆದದ್ದನ್ನೆಲ್ಲ ಹೇಳಿದರು. ಟೀಚರಮ್ಮ ಸಾವಧಾನವಾಗಿ ಕೇಳಿದಳು. ಆಮೇಲೆ ಕೇಳಿದಳು, "ಒಂದೇ ಒಂದು ನಿಮಿಷ ಬಿಚ್ಚಿ ತೋರಿಸೋಕಾಗುತ್ತಾ?"

"ಖಂಡಿತ ಆಗಲ್ಲಮ್ಮ," ಡಾಕ್ಟರಮ್ಮನಿಗೂ ಬೇಜಾರಾಗಿತ್ತು. "ತೇವ ತಗುಲಿದೆ. ಈಗ ಗಾಳಿ ಬದಲಾದ್ರೆ ಬಣ್ಣ ಎದ್ದುಬಿಡುತ್ತೆ. ಮುಚ್ಚಿದ ಕೋಣೆಯಲ್ಲಿ ಒಣಗಿಸಬೇಕು, ಚಿಕಿತ್ಸೆ ಮಾಡಬೇಕು. ಹದಿನಾಲ್ಕು ತಿಂಗಳು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೀಚರಮ್ಮ ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದ. ಬೈಗುಳ ಅವನಿಗೆ ಅಭ್ಯಾಸ. ಅವಳು ಬೈಯಲಿಲ್ಲ. ಕಾವಲುಗಾರನ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. "ಮಕ್ಕಳಿಗೆ ಏನು ಹೇಳಲಿ?" ಅಂದಳು, ಯಾರಿಗೂ ಅಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಗೆ ಒಂದು ಗೋಡೆಯ ಮೇಲೆ ದ್ವೇಷ ಹುಟ್ಟಿತು.

ಕಾವಲುಗಾರ ಒಳ್ಳೆಯವನು. ಸಮಾಧಾನ ಹೇಳಲು ಮುಂದೆ ಬಂದ. "ಅಳಬೇಡಿ ಅಮ್ಮಾ. ನೀವು ನೋಡದಿದ್ರೇನು, ನಿಮ್ಮ ಯಜಮಾನರು ನೋಡಿದ್ದಾರಲ್ಲ! ಹನ್ನೊಂದು ವರ್ಷದಿಂದ ಇಲ್ಲಿ ಕೂತಿದ್ದೀನಿ, ಆ ಚಿತ್ರಕ್ಕೆ ಇಷ್ಟು ಹತ್ತಿರ ಯಾರೂ ನಿಂತಿಲ್ಲ. ಎಡಗಡೆಯಿಂದ, ಒಂದು ಗೇಣು ದೂರ! ಮೂಗು ತಾಗೋದೊಂದು ಬಾಕಿ!"

ಟೀಚರಮ್ಮ ಚಂಗನೆ ಎದ್ದಳು. ಕನ್ನಡಕ ಮೂಗಿಗೇರಿತು.

"ಹೌದಾ ರೀ? ಎಡಗಡೆಯಿಂದ ನೋಡಿದ್ರಾ?" ಗಂಡನ ಎರಡೂ ತೋಳು ಹಿಡಿದುಕೊಂಡಳು. "ಬಂಗಾರ ಕಣ್ರೀ ನೀವು! ಹೇಳಿ, ಹೇಳಿಬಿಡಿ! ಏನಿತ್ತು ಅವಳ ಕೈಯಲ್ಲಿ?"

 ಗೈಡಮ್ಮ, ಸಾಹೇಬರು, ಡಾಕ್ಟರಮ್ಮ, ಕಾವಲುಗಾರ ಎಲ್ಲರೂ ಹತ್ತಿರ ಬಂದರು. ಮೂರು ಪ್ರೊಫೆಸರುಗಳ ಜಗಳ ಇತ್ಯರ್ಥ ಮಾಡುವ ಗಳಿಗೆ! ಮೇಸ್ತ್ರಿ ಕಣ್ಣು ಮುಚ್ಚಿ ನೆನಪಿನೊಳಗೆ ಇಳಿದ. ಸಾಸರ್ ಅಗಲದ ಉಬ್ಬು ಕಂಡಿತು. ಅದರ ಕೆಳಗೆ ಮೂರು ಬೆರಳು ಉದ್ದದ ಬಿರುಕು, ಎಷ್ಟು ಸ್ಪಷ್ಟ! ತುಕ್ಕು ಹಿಡಿದ ತಿರುಪುಮೊಳೆ ಕಂಡಿತು. ಹಳೇ ಹಸಿರು ಕೋಟಿಂಗ್ ಕಂಡಿತು. ಕಿಟಕಿ? ಇಲ್ಲ. ಬಟ್ಟೆ? ಊಹೂಂ. ಒಂದು ಸುಳ್ಳು ಹೇಳಿಬಿಡಲೇ, ಗುಂಡಿ ಅಂತ? ನಾಲಿಗೆ ತುದಿಗೆ ಬಂತು. ಆದರೆ ಇಪ್ಪತ್ತಾರು ವರ್ಷದ ಮಕ್ಕಳೆಲ್ಲ ಹೆಂಡತಿಯ ಕನ್ನಡಕದ ಹಿಂದೆ ಸಾಲಾಗಿ ಕೂತು ತನ್ನನ್ನೇ ನೋಡುತ್ತಿದ್ದ ಹಾಗನ್ನಿಸಿತು. ಮನುಷ್ಯ ಹುಂಬ, ಮೋಸಗಾರನಲ್ಲ.

"ಸತ್ಯವಾಗಿ ಹೇಳ್ತೀನಿ ಕಣೇ," ಅಂದ ಸಣ್ಣ ದನಿಯಲ್ಲಿ. "ಆ ಚಿತ್ರ ನೋಡಲಿಲ್ಲ. ಗೋಡೆಗೆ ಅಡ್ಡ ಬರ್ತಾ ಇತ್ತು."

ಇಬ್ಬರೂ ವಾಪಸ್ ರೈಲು ಹತ್ತಿದರು. ಊರು ಹತ್ತಿರ ಬಂದಾಗ ಟೀಚರಮ್ಮ ಬಾಯಿ ಬಿಟ್ಟಳು: "ಸೋಮವಾರ ಎರಡನೇ ಪೀರಿಯಡ್. ನೀವೇ ಬಂದು ಮಕ್ಕಳಿಗೆ ಹೇಳಿ. ನನಗೆ ಬಾಯಿ ಬರಲ್ಲ."

ಸೋಮವಾರ ಮೇಸ್ತ್ರಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮೂವತ್ತನಾಲ್ಕು ಮಕ್ಕಳ ಮುಂದೆ ನಿಂತ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದು ಗೇಣು ದೂರ ನಿಂತದ್ದು, ಉಬ್ಬು ನೋಡಿದ್ದು, ಹೆಂಗಸನ್ನು ನೋಡದೇ ಇದ್ದದ್ದು. ಇಡೀ ಕ್ಲಾಸು ಬಾಯಿ ತೆರೆದುಕೊಂಡು ಕೇಳಿತು. ಮೊದಲ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಗೇಲಿ ಮಾಡಲು ಅಲ್ಲ, ನಿಜವಾದ ಕನಿಕರದಿಂದ ಕೇಳಿದಳು:

"ಅಂಕಲ್, ನಿಮಗೆ ಚಿತ್ರ ನೋಡೋದು ಯಾರೂ ಹೇಳಿಕೊಡಲಿಲ್ವಾ?"

ಮೇಸ್ತ್ರಿ ಬೆವರು ಒರೆಸಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟ. ಟೀಚರಮ್ಮ ಅಡ್ಡ ನಿಂತು ಅವನ ಕೈಗೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು ಕೊಟ್ಟಳು. ಆಮೇಲೆ ಮೊದಲ ಬೆಂಚಿನ ಕಡೆ ತಿರುಗಿದಳು.

"ಸ್ವಲ್ಪ ಸರಿದು ಕೂತ್ಕೊಳ್ಳಿ ಮಕ್ಕಳೇ. ಹೊಸ ಅಡ್ಮಿಷನ್!"